ಕೊಳ್ಳುವವರು ಕಡಿಮೆ ಇರುವ ಪೇಟೆ

ಸಂಜೆ ಷೇರುಪೇಟೆ ಮುಚ್ಚಿದ ಮೇಲೆ, ಆ ದಿನ ಮಾರಾಟವಾಗದೆ ಉಳಿದ ಚೀಟಿಗಳನ್ನು ನಾನು ಒಂದೊಂದಾಗಿ ಮೇಜಿನ ಮೇಲಿನ ಕಬ್ಬಿಣದ ಮುಳ್ಳಿಗೆ ಚುಚ್ಚುತ್ತಿದ್ದೆ. ತಿಳಿಗುಲಾಬಿ ಬಣ್ಣದ ಚೀಟಿಗಳು. ಮುಳ್ಳು ಕಾಗದವನ್ನು ದಾಟುವಾಗ ಒಣಗಿದ ಎಲೆಗೆ ಬೆರಳು ತೂರಿಸಿದಂಥ ಸಣ್ಣ ಸದ್ದು ಬರುತ್ತಿತ್ತು. ಮಾರುವ ಆರ್ಡರಿಗೆ ಒಂದೇ ಹಗಲಿನ ಆಯುಷ್ಯ. ಕೊಳ್ಳುವವನು ಸಿಗದಿದ್ದರೆ ಸಂಜೆಗೆ ಅದು ಸತ್ತಂತೆ. ಮಾರಲೇಬೇಕೆಂದರೆ ಮರುದಿನ ಬಂದು ಹೊಸ ಚೀಟಿ ಬರೆಯಬೇಕು.

ಶ್ರೀಪತಿರಾಯರ ದಲ್ಲಾಳಿ ಅಂಗಡಿಯಲ್ಲಿ ಆ ಚೀಟಿಗಳ ಕೆಲಸ ನನ್ನದು. ಏಳನೆಯ ತರಗತಿಗೇ ಶಾಲೆ ಬಿಟ್ಟವನು ನಾನು. ನನ್ನ ಅಪ್ಪ ಓದದೆ ಹೆಬ್ಬೆಟ್ಟೊತ್ತಿದ ಒಂದು ಕಾಗದದಲ್ಲಿ ನಮ್ಮ ಮನೆ ಹೋಯಿತು, ಅದರ ಹಿಂದೆ ನನ್ನ ಶಾಲೆಯೂ ಹೋಯಿತು. ಅಂದಿನಿಂದ ಫಾರಮ್ಮು ಅರ್ಥವಾಗದವನನ್ನು ಕಂಡರೆ ನನಗೆ ಸಿಟ್ಟು, ಅವನನ್ನು ನೋಡಿ ನಗುವವನನ್ನು ಕಂಡರೆ ಇನ್ನೂ ಹೆಚ್ಚು ಸಿಟ್ಟು. ಹೀಗಾಗಿ ನನಗೆ ಸಿಟ್ಟಿಲ್ಲದ ದಿನವೇ ಇರಲಿಲ್ಲ.

ಪುಟ್ಟಮಾದಯ್ಯನವರು ಬಂದದ್ದು ಅಂಥದೇ ಒಂದು ಬೆಳಿಗ್ಗೆ. ಊರಿನ ನೀರಗಂಟಿ ಅವರು. ಬೀದಿ ಬೀದಿಗೆ ನಲ್ಲಿ ನೀರು ಬಿಡುವ ದೊಡ್ಡ ಕಬ್ಬಿಣದ ಕೀಲಿಯನ್ನು ಬಾಗಿಲ ಬಳಿ ಒರಗಿಸಿ, ಕಾಲೊರೆಸಿಕೊಂಡು ಒಳಗೆ ಬಂದರು. ಮಗಳ ಹೆಸರಿನಲ್ಲಿದ್ದ ಬಲ್ಬು ಕಾರ್ಖಾನೆಯ ಷೇರು ಮಾರಬೇಕಿತ್ತು. ಕಾರ್ಖಾನೆ ಕಟ್ಟುವಾಗ ಅದಕ್ಕೆ ನೀರಿನ ಕೊಳವೆ ಹಾಕಿದ್ದು ಅವರೇ. ಊರವರಿಗೆಂದು ಹಂಚಿದ ಅರ್ಜಿಯನ್ನು ನಾಲ್ಕು ವರ್ಷದ ಮಗಳ ಹೆಸರಿಗೆ ತುಂಬಿದ್ದರಂತೆ. ಖಾತೆಯಲ್ಲಿ ಹೆಸರು ಪಿ. ಚಂದ್ರಕಲಾ. ಅವಳಿಗೆ ಹದಿನೆಂಟು ತುಂಬುವವರೆಗೆ ಅಪ್ಪನೇ ಸಹಿ ಹಾಕಿ ಮಾರಬಹುದಿತ್ತು.

"ಪೇಟೆ ಎರಡು ಅವೆಯಂತಲ್ಲಪ್ಪ?" ಅಂದರು.

"ಅವೆ. ಹಳೇ ಎಕ್ಸ್‌ಚೇಂಜು, ಹೊಸ ಎಕ್ಸ್‌ಚೇಂಜು. ಯಾವುದರಲ್ಲಾದ್ರೂ ಮಾರಬಹುದು."

"ಒಂದರಲ್ಲಿ ತಗಂಡಿದ್ದ ಇನ್ನೊಂದರಲ್ಲಿ ಮಾರಬೋದಾ?"

"ಸಂತೇಲಿ ತಗೊಂಡ ಕೋಳೀನ ಮನೆ ಬಾಗಿಲಲ್ಲಿ ಮಾರಲ್ವಾ ಯಜಮಾನ್ರೇ, ಹಂಗೆ."

"ಎಲ್ಲಿ ಕೊಳ್ಳೋರು ಕಮ್ಮಿ?"

ಅವರು ತಪ್ಪು ಹೇಳಿದರೆಂದುಕೊಂಡೆ. "ಜಾಸ್ತಿ ಎಲ್ಲಿ ಅಂತ ಕೇಳಿ. ಹೊಸದರಲ್ಲಿ ಜನ ಜಾಸ್ತಿ, ಹಾಕಿದ ಗಳಿಗೇಲಿ ಹೋಗುತ್ತೆ. ಹಳೇದರಲ್ಲಿ ನಿಮ್ಮ ಬಲ್ಬನ್ನ ಮೂಸಿ ನೋಡೋರೂ ಇಲ್ಲ."

"ಹಂಗಾದ್ರೆ ಹಳೇದಕ್ಕೇ ಹಾಕಪ್ಪ."

ಒಳಗಿನ ಕುರ್ಚಿಯಲ್ಲಿದ್ದ ಶ್ರೀಪತಿರಾಯರು ಹೊಟ್ಟೆ ಕುಣಿಸಿ ನಕ್ಕರು. "ಎಲ್ಲರೂ ಕೊಳ್ಳೋರನ್ನ ಹುಡುಕ್ಕೊಂಡು ಬರ್ತಾರೆ, ಇವರು ಕೊಳ್ಳದೆ ಇರೋರನ್ನ ಹುಡುಕ್ಕೊಂಡು ಬಂದಿದಾರಲ್ಲೋ."

ಅಂಗಡಿಯಲ್ಲಿದ್ದವರೂ ನಕ್ಕರು. ಪುಟ್ಟಮಾದಯ್ಯನವರೂ ಅವರ ಜೊತೆ ಸ್ವಲ್ಪ ನಕ್ಕರು. ಆ ನಗು ನನಗೆ ಸಹಿಸಲಾಗಲಿಲ್ಲ. ನನ್ನ ಅಪ್ಪನೂ ಹೀಗೆಯೇ, ತನ್ನನ್ನು ನೋಡಿ ನಗುವವರ ಜೊತೆ ತಾನೂ ನಗುತ್ತಿದ್ದ.

ನಾನು ಬಿಡಿಸಿ ಹೇಳಿದೆ. ಬೆಲೆ ತಾವೇ ಹೇಳಿದರೆ ಅದು ಲಿಮಿಟ್ ಆರ್ಡರು, ಆ ಬೆಲೆ ಕೊಡುವವನಿಗಾಗಿ ಸಂಜೆಯವರೆಗೆ ಕಾಯುತ್ತದೆ. ಪೇಟೆ ಕೊಟ್ಟಷ್ಟು ಸಾಕೆಂದರೆ ಮಾರ್ಕೆಟ್ ಆರ್ಡರು, ತಕ್ಷಣ ಹೋಗುತ್ತದೆ. ಅವರು ಶಾಲೆಯ ಹುಡುಗನಂತೆ ಕೇಳಿಸಿಕೊಂಡು, ಅಂದಿನ ದರದ ಎರಡರಷ್ಟನ್ನು ಹೇಳಿ, ಲಿಮಿಟ್ ಅಂದರು.

"ಸಿಗಲ್ಲ," ಅಂದೆ.

"ಸಿಗದಿದ್ರೆ ಬ್ಯಾಡ. ಸಾಯಂಕಾಲ ಆ ಚೀಟಿ ಏನು ಮಾಡೀರಿ?"

"ಮುಳ್ಳಿಗೆ ಚುಚ್ತೀವಿ."

"ಅದು ನನಗೆ ಬೇಕಾಗಿತ್ತಲ್ಲ. ಮನೇಲಿ ತೋರಿಸಬೇಕು."

ಅಂದಿನಿಂದ ಅದೊಂದು ಪರಿಪಾಠವಾಯಿತು. ದಿನಾ ಬೆಳಿಗ್ಗೆ ನೀರು ಬಿಟ್ಟು ಬರುವರು, ಅದೇ ಹಳೇ ಎಕ್ಸ್‌ಚೇಂಜು, ಅದೇ ಆಗದ ಬೆಲೆ. ನಾನು ಹಿಂದಿನ ದಿನದ ಚೀಟಿಯನ್ನು ಮುಳ್ಳಿನಿಂದ ಎಳೆದು ಕೊಡುತ್ತಿದ್ದೆ. ನಡುವೆ ತೂತು ಬಿದ್ದ ಆ ಕಾಗದವನ್ನು ಅವರು ಬೆಳಕಿಗೆ ಹಿಡಿದು ನೋಡಿ, ನಾಲ್ಕು ಮಡಿಕೆ ಮಾಡಿ ಜೇಬಿಗಿಡುತ್ತಿದ್ದರು. ನಾನು ಬೈದೆ, ಲೇವಡಿ ಮಾಡಿದೆ, ಒಮ್ಮೆ ಕೈಮುಗಿದೂ ನೋಡಿದೆ. "ಆಗಲಪ್ಪ, ನಾಳೆ ನೋಡುವಾ," ಅನ್ನುವರು.

ಒಂದು ದಿನ ಖಾತೆಯ ಪುಟ ತಿರುವುವಾಗ ಮಗಳ ಹುಟ್ಟಿದ ದಿನ ಕಣ್ಣಿಗೆ ಬಿತ್ತು. ಹದಿನೆಂಟು ತುಂಬಲು ಇನ್ನು ಹತ್ತೇ ದಿನ.

"ಯಜಮಾನ್ರೇ, ಅಷ್ಟರೊಳಗೆ ಮಾರದಿದ್ರೆ ಖಾತೆಗೆ ಬೀಗ ಬೀಳುತ್ತೆ. ಆಮೇಲೆ ನಿಮ್ಮ ಸಹಿ ನಡೆಯಲ್ಲ. ಮಗಳೇ ಬಂದು ಹೊಸದಾಗಿ ಸಹಿ ಹಾಕಬೇಕು."

"ಅವಳು ಬರೋವರೆಗೂ ಯಾರೂ ಮಾರಕ್ಕಾಗಲ್ವಾ?"

"ಯಾರಪ್ಪನಿಂದಲೂ ಆಗಲ್ಲ."

"ಕಂಪನಿಯಿಂದ ಮನೆಗೆ ಬರೋ ಕಾಗದ?"

"ಅದಕ್ಕೇನು, ಅದರ ಪಾಡಿಗೆ ಬರ್ತಿರುತ್ತೆ."

ಅವರ ಮುಖದಲ್ಲಿ ಏನೋ ಸಡಿಲವಾಯಿತು. ಗೊತ್ತಾಗದವನ ಮುಖ ಅದು ಎಂದು ನಾನು ತಿಳಿದೆ. ಹತ್ತು ದಿನವೂ ಅದನ್ನೇ ತಿಳಿದೆ. ಓದಿದವರು ಬಡವನಿಗೆ ತೋಡಿಟ್ಟ ಇನ್ನೊಂದು ಗುಂಡಿ ಇದು, ಇವರು ಕಣ್ಣುಬಿಟ್ಟುಕೊಂಡೇ ಅದಕ್ಕೆ ಬೀಳುತ್ತಿದ್ದಾರೆ, ಮಗಳಿಗೆಂದು ಕೂಡಿಟ್ಟದ್ದು ಕೈಗೆ ಸಿಗದಂತಾಗುತ್ತದೆ ಎಂದು ಒಳಗೊಳಗೇ ಕುದಿದೆ.

ಹತ್ತನೆಯ ದಿನ, ಅಂದರೆ ಕಡೆಯ ದಿನ, ಅವರು ಸಹಿ ಹಾಕಿದ ಚೀಟಿಯನ್ನು ಮುಂದಿಟ್ಟುಕೊಂಡು ಕೂತೆ. ಆಮೇಲೆ ಲಿಮಿಟ್ ಎಂಬ ಚೌಕದ ಗುರುತನ್ನು ಹೊಡೆದು ಹಾಕಿ ಮಾರ್ಕೆಟ್ ಎಂಬಲ್ಲಿ ಗುರುತು ಹಾಕಿದೆ. ಹಳೇ ಎಕ್ಸ್‌ಚೇಂಜಿನ ಹೆಸರನ್ನು ಹೊಡೆದು ಹೊಸದನ್ನು ಬರೆದೆ. ಬದುಕಿನಲ್ಲಿ ಮೊದಲ ಸಲ ಒಂದು ಫಾರಮ್ಮು ನನ್ನ ಮಾತು ಕೇಳಿತು. ಫೋನಿನ ಆಚೆಯವನು "ಹೋಯ್ತು" ಅನ್ನಲು ಒಂದು ಉಸಿರಿನಷ್ಟು ಹೊತ್ತೂ ಹಿಡಿಯಲಿಲ್ಲ.

"ಅಂತೂ ಆ ನೀರಗಂಟಿ ಕತೆ ಮುಗಿಸಿದೆ," ಅಂದರು ರಾಯರು. ಅಂದು ಸಂಜೆ ಮುಳ್ಳಿಗೆ ಚುಚ್ಚಲು ಅವರ ಚೀಟಿ ಇರಲಿಲ್ಲ. ಅದಿಲ್ಲದ ಮುಳ್ಳನ್ನು ನೋಡಿ ನನಗೆ ಹೆಮ್ಮೆಯಾಗಿತ್ತು ಎಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ.

ಮರುದಿನ ಪುಟ್ಟಮಾದಯ್ಯನವರು ಬಿಳಿ ಅಂಗಿ ತೊಟ್ಟು ಬಂದರು. ಎಂದಿನಂತೆ ತೂತಿನ ಚೀಟಿಗೆ ಕೈ ಚಾಚಿದರು.

"ಚೀಟಿ ಇಲ್ಲ ಯಜಮಾನ್ರೇ," ಅಂದೆ. ನಗು ತಡೆಯಲಾಗಲಿಲ್ಲ. "ಮಾರಿಬಿಟ್ಟೆ. ಹೊಸ ಪೇಟೇಲಿ. ಅಷ್ಟೂ ಹೋಯ್ತು."

ಚಾಚಿದ ಕೈ ಹಾಗೇ ಇತ್ತು. "ಅಷ್ಟೂನಾ?"

"ಅಷ್ಟೂ. ಇವತ್ತು ಬೀಗ ಬೀಳ್ತಿತ್ತು. ನಿಮಗೆ ಗೊತ್ತಾಗ್ತಿರಲಿಲ್ಲ, ಅದಕ್ಕೇ ನಾನೇ..."

"ಗೊತ್ತಿತ್ತಪ್ಪ," ಅಂದರು. "ನೀನೇ ಹೇಳಿದ್ದೆಯಲ್ಲ. ನಿನ್ನೆ ಒಂದಿನ ಕಳೆದಿದ್ರೆ ಸಾಕಿತ್ತು."

ಬೆಂಚಿನ ಮೇಲೆ ಕೂತರು. ನೀರು ತಂದುಕೊಟ್ಟೆ, ಕುಡಿಯಲಿಲ್ಲ. ಲೋಟವನ್ನು ತೊಡೆಯ ಮೇಲೆ ಇಟ್ಟುಕೊಂಡು, ಯಾರಿಗೋ ವಿಳಾಸ ಹೇಳುವ ಹಾಗೆ ಮೆಲ್ಲಗೆ ಹೇಳಿದರು. ಚಂದ್ರಕಲಾ ತೀರಿಕೊಂಡು ಎರಡು ವರ್ಷವಾಗಿತ್ತು. ಹನ್ನೊಂದು ದಿನದ ಜ್ವರ. ಶಾಲೆಯವರು ಹಾಜರಿ ಪುಸ್ತಕದಿಂದ ಹೆಸರು ಹೊಡೆದರು, ರೇಷನ್ ಅಂಗಡಿಯವರು ಕಾರ್ಡಿನಿಂದ ಹೊಡೆದರು. ಕಂಪನಿಯವರಿಗೆ ಮಾತ್ರ ಇವರು ತಿಳಿಸಲಿಲ್ಲ. ವರ್ಷಕ್ಕೆ ಐದಾರು ಸಲ ಕಂಪನಿಯಿಂದ ಕಾಗದ ಬರುತ್ತಿತ್ತು. ಸಭೆಯ ಕರೆಯೋಲೆ, ಬಣ್ಣದ ಚಿತ್ರಗಳ ವರದಿ. ಆ ವರದಿಯ ನುಣುಪು ಹಾಳೆಗಳಲ್ಲಿ ಅವಳು ಪುಸ್ತಕಗಳಿಗೆ ರಟ್ಟು ಹಾಕಿಕೊಳ್ಳುತ್ತಿದ್ದಳಂತೆ.

"ಪೋಸ್ಟಿನವನು ಬೀದೀಲಿ ನಿಂತು ಹೆಸರಿಡಿದು ಕೂಗ್ತಾನೆ ಕಣಪ್ಪ. ನಮ್ಮ ಬೀದೀಲಿ ಅವಳ ಹೆಸರ ಈಗ ಯಾರೂ ಅನ್ನಲ್ಲ. ನಾವು ನೊಂದ್ಕೋತೀವಿ ಅಂತ ನೆಂಟರೂ ಅನ್ನಲ್ಲ. ಅವನೊಬ್ಬ ಕೂಗ್ತಾನೆ."

"ಮತ್ತೆ ಮಾರಕ್ಕೆ ಯಾಕೆ ಬಂದ್ರಿ?"

"ಸಾಕಮ್ಮ. ನನ್ನ ಹೆಂಡ್ರು. ಅವನು ಕೂಗಿದ ದಿನ ಅವಳು ಒಲೆ ಹಚ್ಚಲ್ಲ, ಕಿವಿ ಮುಚ್ಕೊಂಡು ಮೂಲೆ ಸೇರ್ಕೋತಾಳೆ. 'ಮಾರಿಬುಡಿ, ಆ ಕಾಗದ ನಿಲ್ಲಲಿ, ನನ್ನ ಕೈಲಿ ಆಗಲ್ಲ' ಅಂದ್ಲು. ಅವಳದೂ ತಪ್ಪಲ್ಲ. ನನ್ನ ಕೈಲಿ ಮಾರಕ್ಕೂ ಆಗಲಿಲ್ಲ, ಅವಳಿಗೆ ಇಲ್ಲ ಅನ್ನಕ್ಕೂ ಆಗಲಿಲ್ಲ. ಅದಕ್ಕೇ ದಿನಾ ಚೀಟಿ ತೋರಿಸ್ತಿದ್ದೆ. ನೋಡು, ಇವತ್ತೂ ಯಾರೂ ತಗಳಲಿಲ್ಲ ಅಂತ. ಬೀಗ ಬಿದ್ದಿದ್ರೆ ನನ್ನ ಕೈಲೇನೂ ಇಲ್ಲ ಅಂತಿದ್ದೆ."

ನಾನು ಥಟ್ಟನೆ ಹೊಸ ಚೀಟಿಯೊಂದನ್ನು ಎಳೆದುಕೊಂಡೆ. "ಇವತ್ತೇ ಮತ್ತೆ ಕೊಳ್ಳೋಣ. ಒಂದೇ ಒಂದು ಷೇರಿದ್ರೂ ಸಾಕು, ಕಾಗದ ಬರುತ್ತೆ. ನಾನೇ ಕೊಡಿಸ್ತೀನಿ."

"ಯಾರ ಹೆಸರಲ್ಲಪ್ಪ?"

ಅಂಗಡಿಯಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಅವರು ಎದ್ದರು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ನಾನೂ ತಿರುಗಿ ಏನಾದರೂ ಅನ್ನಬಹುದಿತ್ತು, ಅದು ನನಗೆ ಗೊತ್ತಿದ್ದ ವಿದ್ಯೆ. ಬಾಗಿಲ ಬಳಿಯ ಕೀಲಿಯನ್ನು ಹೆಗಲಿಗೇರಿಸಿ ಇಳಿದು ಹೋದರು.

ಮಾರಾಟವಾದ ಮೇಲೆ ಖಾತೆದಾರರಿಗೆ ಒಂದು ಪತ್ರ ಕಳಿಸುವುದು ನಿಯಮ. ನಿಮ್ಮ ಷೇರುಗಳು ಇಂಥ ದಿನ, ಇಂಥ ಪೇಟೆಯಲ್ಲಿ ಮಾರಾಟವಾದವು ಎಂದು. ಆ ಪತ್ರ ಖಾತೆಯಲ್ಲಿರುವ ಹೆಸರಿಗೇ ಹೋಗಬೇಕು.

"ಅಂಚೆ ಯಾಕೆ ದಂಡ?" ಅಂದರು ರಾಯರು. "ನಾಳೆ ನಾಡಿದ್ದು ದುಡ್ಡಿಗೆ ಬರ್ತಾನಲ್ಲ, ಕೈಗೇ ಬಿಸಾಕು."

"ಬಿಸಾಕಲ್ಲ," ಅಂದೆ. "ಅಂಚೇಲೇ ಹೋಗುತ್ತೆ. ಬೇಡ ಅಂದ್ರೆ ನನ್ನ ಲೆಕ್ಕ ಇವತ್ತೇ ಮುಗಿಸಿ."

ರಾಯರು ನನ್ನ ಮುಖ ನೋಡಿ, ಅಂಚೆಚೀಟಿಯ ಡಬ್ಬಿಯನ್ನು ನನ್ನ ಕಡೆ ತಳ್ಳಿದರು. ಲಕೋಟೆಯ ಮೇಲೆ ಕುಮಾರಿ ಪಿ. ಚಂದ್ರಕಲಾ ಎಂದು ನಾನೇ ಬರೆದೆ. ನನ್ನ ಅಕ್ಷರ ಕಾಗೆಕಾಲು. ಎರಡು ಲಕೋಟೆ ಹಾಳಾದವು. ಮೂರನೆಯದರಲ್ಲಿ ಹೆಸರು ದೊಡ್ಡದಾಗಿ, ಯಾರೂ ತಡವರಿಸದೆ ಓದುವ ಹಾಗೆ ಬಂತು.

ಎರಡು ದಿನ ಬಿಟ್ಟು, ಅಂಚೆ ಬರುವ ಹೊತ್ತಿಗೆ ನಾನು ಅವರ ಬೀದಿಯ ತಿರುವಿನಲ್ಲಿ ನಿಂತಿದ್ದೆ. ಪುಟ್ಟಮಾದಯ್ಯನವರು ಮನೆಯ ಜಗಲಿಯ ಮೇಲೆಯೇ ಕೂತಿದ್ದರು. ಅವರ ಹಿಂದೆ ಬಾಗಿಲು ಅರ್ಧ ತೆರೆದಿತ್ತು, ಹೊಸ್ತಿಲ ಒಳಗೆ ಒಂದು ಸೀರೆಯ ಅಂಚು ಕಾಣುತ್ತಿತ್ತು. ಪೋಸ್ಟಿನವನು ಸೈಕಲ್ಲಿನಿಂದ ಇಳಿಯದೆ, ಒಂದು ಕಾಲೂರಿ ನಿಂತು ಕೂಗಿದ.

"ಪಿ. ಚಂದ್ರಕಲಾ."

ಸೀರೆಯ ಅಂಚು ಮೂಲೆಗೆ ಸರಿಯಲಿಲ್ಲ. ಪುಟ್ಟಮಾದಯ್ಯನವರು ಏಳಲಿಲ್ಲ. ಕೇಳಿಸಲಿಲ್ಲವೇನೋ ಎಂದು ಅವನು ದನಿ ಏರಿಸಿ ಇನ್ನೊಮ್ಮೆ ಕೂಗಿದ. ನಾಲ್ಕು ಮಾರು ದೂರದಲ್ಲಿದ್ದ ಅವರು ಕೈಗಳನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಮುಖವನ್ನು ತುಸು ಮೇಲೆತ್ತಿ ಕೂತೇ ಇದ್ದರು. ಪೋಸ್ಟಿನವನು ಲಕೋಟೆಯನ್ನು ತಲೆಯ ಮೇಲೆ ಎತ್ತಿ ಹಿಡಿದು, ಬೀದಿಯ ಕೊನೆಯವರೆಗೂ ಕೇಳುವ ಹಾಗೆ ಮೂರನೆಯ ಸಲ ಆ ಹೆಸರನ್ನು ಕೂಗಿದ.