ಡೆಂಟು ತೆಗೆದ ಶಿರಸ್ತ್ರಾಣ

ನನ್ನ ಗಂಡ ಅಲೆಕ್ಸಾಂಡರನಿಗೆ ತಗ್ಗು ಕಂಡರೆ ಆಗುವುದಿಲ್ಲ. ದುಬೈಯ ಅಲ್ ಕುಸೈಸಿನ ಗ್ಯಾರೇಜಿನಲ್ಲಿ ಅವನು ಡೆಂಟರ್, ಕಾರಿನ ತಗ್ಗು ಎಬ್ಬಿಸುವವನು. ಗುದ್ದಿಸಿಕೊಂಡ ಕಾರು ಅವನ ಕೈ ದಾಟಿ ಬಂದಮೇಲೆ ಪೆಟ್ಟು ಎಲ್ಲಿ ಬಿದ್ದಿತ್ತೆಂದು ಮಾಲೀಕನಿಗೂ ತಿಳಿಯಬಾರದು. ಅದೇ ಅವನ ಜಂಬ.

2016ರಲ್ಲಿ ಅಬುಧಾಬಿಯ ಡೇರೆಯೊಂದರಲ್ಲಿ ಹೊಸ ಆಟ ಶುರುವಾಯಿತು. ಹಳೆಯ ಕಾಲದ ಯೂರೋಪಿನ ಯೋಧರ ಹಾಗೆ ಉಕ್ಕಿನ ಕವಚ ತೊಟ್ಟು ನಿಜವಾಗಿಯೇ ಹೊಡೆದಾಡುವುದು. ನನ್ನ ಮೈದುನ ಶರ್ವಿನ್ ಅದಕ್ಕೆ ಸೇರಿದ. ಅಂಚು ಮೊಂಡು ಮಾಡಿದ್ದಾದರೂ ಕೊಡಲಿ ಕೊಡಲಿಯೇ ಅಲ್ಲವೇ? ನಾನು ಆಸ್ಪತ್ರೆಯ ನರ್ಸು, ಒಡೆದ ತಲೆಗಳನ್ನು ಕಂಡವಳು. ಬೇಡವೆಂದು ಜಗಳ ಮಾಡಿದೆ. ಅಣ್ಣತಮ್ಮಂದಿರು ಕಿವಿಗೆ ಹಾಕಿಕೊಳ್ಳಲಿಲ್ಲ.

ಶಿರಸ್ತ್ರಾಣವನ್ನು ಅಲೆಕ್ಸಾಂಡರನೇ ಮಾಡಿದ. ಉಕ್ಕಿನ ತಗಡನ್ನು ಕೆಂಪಗೆ ಕಾಯಿಸಿ, ಕುಳಿ ತೋಡಿದ ಮರದ ದಿಮ್ಮಿಯ ಮೇಲಿಟ್ಟು, ಗುಂಡುಮೂತಿಯ ಸುತ್ತಿಗೆಯಿಂದ ಬಡಿದು ಬಟ್ಟಲಿನಂತೆ ಮಾಡಿದ. ಆಮೇಲೆ ಒಳಗಿನಿಂದ ಕಬ್ಬಿಣದ ಗುಂಡು ಒತ್ತಿಹಿಡಿದು ಹೊರಗಿನಿಂದ ಹಗುರವಾಗಿ ತಟ್ಟಿ ಸಮ ಮಾಡಿದ. ಮುಖಕ್ಕೆ ಕಣ್ಣಿನ ಸೀಳು ಬಿಟ್ಟ ತಗಡೊಂದನ್ನು ರಿವೆಟ್ಟು ಹೊಡೆದು ಕೂರಿಸಿದ. ಬಡಿದಷ್ಟೂ ತಗಡು ತೆಳ್ಳಗಾಗುತ್ತದೆ, ಅದಕ್ಕೇ ದಪ್ಪದ್ದು ತಂದೆ ಎಂದು ಅವನೇ ಹೇಳಿದ್ದ.

ಗೊತ್ತಿದ್ದೂ ಹಾಗೆ ಮಾಡಿದನಲ್ಲ, ಅದೇ ನನ್ನ ಸಿಟ್ಟು. ಪ್ರತಿ ಕಾದಾಟದಲ್ಲೂ ಹಣೆಯ ಬಳಿ ತಗ್ಗು ಬೀಳುತ್ತಿತ್ತು. ಇವನು ಅದನ್ನು ಒಳಗಿನಿಂದ ಬಡಿದು ಎಬ್ಬಿಸಿ, ಗ್ರೈಂಡರಿನಿಂದ ಉಜ್ಜಿ, ಹೊಳೆಯುವಂತೆ ಮಾಡಿ ಕೊಡುತ್ತಿದ್ದ. ಕಾರಿಗೆ ಮಾಡಿದ ಹಾಗೆಯೇ. ಹೊಸತು ಮಾಡು ಎಂದು ಗೋಗರೆದೆ. ಪೆಟ್ಟು ಎಲ್ಲಿ ಬಿದ್ದಿತ್ತೆಂದು ಗೊತ್ತಾಗುತ್ತದೆಯೇ ನೋಡು ಎಂದು ನನ್ನ ಬೆರಳುಗಳನ್ನೇ ಹಿಡಿದು ಅದರ ಮೇಲೆ ಆಡಿಸಿದ. ನಿಜಕ್ಕೂ ಗೊತ್ತಾಗಲಿಲ್ಲ.

ಒಂದು ಶುಕ್ರವಾರ ನಾವಿಬ್ಬರೂ ಕಾದಾಟ ನೋಡಲು ಹೋಗಿದ್ದೆವು. ಎದುರಾಳಿ ಆನೆಯಂಥವನು. ಗುರಾಣಿಯ ಅಂಚಿನಿಂದ ಶರ್ವಿನನ ಮೊಣಕೈಗೆ ಹೊಡೆದ, ಕತ್ತಿ ಜಾರಿತು. ಮಂಡಿಗೆ ಒದ್ದು ಕೆಡವಿದ. ಶರ್ವಿನ್ ಏಳುವಷ್ಟರಲ್ಲಿ ಎರಡೂ ಕೈಯಿಂದ ಕೊಡಲಿ ಎತ್ತಿ ಹಣೆಗೇ ಇಳಿಸಿದ. ಜನ ಕೇಕೆ ಹಾಕಿದರು. ಉಕ್ಕು ಬಿರಿದು ಒಳಕ್ಕೆ ಕುಸಿಯಿತು, ಕಣ್ಣಿನ ಸೀಳಿನಿಂದ ರಕ್ತ ಸುರಿಯಿತು.

ಶಿರಸ್ತ್ರಾಣ ಕಳಚಲು ಆಗಲಿಲ್ಲ. ಬಿರಿದ ಅಂಚು ಹಣೆಯ ಮೂಳೆಯನ್ನು ಕಚ್ಚಿತ್ತು. ಒಳಗೆ ಶರ್ವಿನ್ ತನ್ನದೇ ರಕ್ತ ನುಂಗಿ ಉಸಿರುಗಟ್ಟುತ್ತಿದ್ದ. ನಾನು ಕುತ್ತಿಗೆ ಅಲುಗದಂತೆ ಹಿಡಿದುಕೊಂಡೆ. ಅಲೆಕ್ಸಾಂಡರ್ ಜೊತೆಗೆ ತಂದಿದ್ದ ಸಲಕರಣೆಯ ಚೀಲದಿಂದ ಉಳಿ ತೆಗೆದಿಟ್ಟು ಮುಖದ ತಗಡಿನ ರಿವೆಟ್ಟುಗಳನ್ನು ಕತ್ತರಿಸತೊಡಗಿದ. ತಮ್ಮ ಕಿರುಚಿದೊಡನೆ ಇವನ ಸುತ್ತಿಗೆ ನಿಂತಿತು.

"ಕಿರುಚ್ಲಿ, ನೀನು ಹೊಡಿ," ಎಂದೆ. "ನಿಲ್ಲಿಸಿದ್ರೆ ಸತ್ತೇ ಹೋಗ್ತಾನೆ."

ಹೊಡೆದ. ತಗಡಿನ ಜೊತೆಗೆ ಹಣೆಯ ಚರ್ಮವೂ ಕಿತ್ತುಬಂತು.

ಶರ್ವಿನ್ ಬದುಕಿದ. ಎಡಗಣ್ಣು ಹೋಯಿತು, ಹಣೆಯಲ್ಲಿ ತಗ್ಗು ಉಳಿಯಿತು. ಅಪಾಯವಿಲ್ಲ, ಬೇಕಿದ್ದರೆ ಆಪರೇಷನ್ ಮಾಡಿ ಸಮ ಮಾಡಬಹುದು ಎಂದರು ಡಾಕ್ಟರು. ಮಾಡಿಸುವ, ಯಾರಿಗೂ ಗೊತ್ತಾಗಲಿಕ್ಕಿಲ್ಲ ಎಂದು ಅಲೆಕ್ಸಾಂಡರ್ ಮುಂದಾದ.

ಶರ್ವಿನ್ ಅಣ್ಣನ ಬೆರಳನ್ನು ಹಿಡಿದು ಆ ತಗ್ಗಿನೊಳಗೆ ಇಟ್ಟ.

"ಬೇಡ ಅಣ್ಣ. ಪೆಟ್ಟು ಬಿದ್ದದ್ದು ಎಲ್ಲಿ ಅಂತ ಈ ಸಲ ಗೊತ್ತಾಗ್ಲಿ."