ಗುಳ್ಳೆ ನಿಲ್ಲುವವರೆಗೆ

ಜಮಖಂಡಿಯಿಂದ ಬೀಳಗಿಯವರೆಗೆ ಯಾವ ಮನೆಯಲ್ಲಿ ಯಾವ ಹೆಂಗಸಿನ ಕೆನ್ನೆಗೆ ಏಟು ಬೀಳುವುದಿದ್ದರೂ, ಗಂಡ ಕೈ ಎತ್ತುವ ಮೊದಲೇ ಅದರ ಸಪ್ಪಳ ಕಥೆ ಹೇಳುವ ಈ ಮುದುಕಿಯ, ಅಂದರೆ ನನ್ನ, ಕಿವಿಗೆ ಬಂದುಬಿಡುತ್ತದೆ. ಇದರಲ್ಲಿ ಅರ್ಧ ಸುಳ್ಳು. ಬೀಳಗಿಯ ಸುದ್ದಿ ಬಸ್ಸು ಬಂದ ಮೇಲೆಯೇ ಬರುವುದು, ಬಸ್ಸು ಕೆಟ್ಟರೆ ಅದೂ ಇಲ್ಲ. ಆದರೆ ಬನಹಟ್ಟಿಯ ಪೂರ್ಣಿಮಾಳ ಸುದ್ದಿ ಉಳಿದರ್ಧಕ್ಕೆ ಸೇರಿದ್ದು.

ಪೂರ್ಣಿಮಾಳ ಗಂಡ ಪರಮಾನಂದ. ಒಂದು ಓಣಿ ತುಂಬುವಷ್ಟು ಪವರ್‌ಲೂಮಿನ ಒಡೆಯ. ಅವನಿಗೆ ಸಿಟ್ಟು ಬಂದರೆ ಕೈಗೆ ಸಿಗುವುದು ಲಾಳಿ. ಮಗ್ಗದಲ್ಲಿ ಆ ಕಡೆಯಿಂದ ಈ ಕಡೆಗೆ ನೂಲು ಒಯ್ಯುವ ಲಾಳಿಗೆ ಎರಡೂ ತುದಿಯಲ್ಲಿ ಉಕ್ಕಿನ ಮೂತಿ. ಹೆಂಡತಿಯ ಮೈಮೇಲೆ ಆ ಮೂತಿಯ ಗುರುತುಗಳು ಎಷ್ಟಿದ್ದವೆಂದರೆ, ಅವಳ ಬೆನ್ನಿಗೆ ಜರಿ ಅಂಚು ಹಚ್ಚಿದ್ದರೆ ಸಂತೆಯಲ್ಲಿ ಇಳಕಲ್ ಸೀರೆಯೆಂದು ಮಾರಿಬಿಡಬಹುದಿತ್ತು. ನಗಬೇಡಿರವ್ವಾ. ಅವಳೂ ನಗುತ್ತಿರಲಿಲ್ಲ.

ಮೊನ್ನೆ ಮಾತ್ರ ಒಂದು ಎಡವಟ್ಟಾಯಿತು. ಪರಮಾನಂದ ಎಸೆದ ಲಾಳಿಯನ್ನು ಪೂರ್ಣಿಮಾ ಗಾಳಿಯಲ್ಲೇ ಹಿಡಿದಳು. ಹಿಡಿದವಳು ಸುಮ್ಮನಿರಲಿಲ್ಲ, ತಿರುಗಿ ಎಸೆದಳು. ಅದು ಅವನ ಹಲ್ಲಿಗೆ ಬಡಿಯಿತು. ಮಗ್ಗದ ಮುಂದೆ ನಿಂತಿದ್ದ ನೇಕಾರರಲ್ಲಿ ಯಾರೋ ಒಬ್ಬ ಕಿಸಕ್ಕನೆ ನಕ್ಕ. ಹಲ್ಲು ಹೋದದ್ದು ಪರಮಾನಂದನಿಗೆ ದೊಡ್ಡದಲ್ಲ. ನಗು ಅವನ ಎದೆಯಲ್ಲಿ ಮುರಿದ ಸೂಜಿಯಂತೆ ಉಳಿಯಿತು. ಆ ದಿನ ಅವಳ ತುಟಿ ಸೀಳಿತು, ಎಡಗೈ ಕಿರುಬೆರಳು ಮುರಿಯಿತು. ಅವನ ತಾಯಿ ಅನಸವ್ವ ಹೊಸ್ತಿಲಲ್ಲಿ ನಿಂತು ಒಂದೇ ಮಾತು ಹೇಳಿದಳು: "ಗಂಡನ ಮ್ಯಾಲೆ ಕೈ ಮಾಡಿದಾಕಿ ಈ ಮನ್ಯಾಗ ಇರಬಾರದ್ಲೇ ಪರ್‍ಯಾ."

ಮರುದಿನ ಬೆಳಿಗ್ಗೆ ಪರಮಾನಂದ ಸೌಮ್ಯವಾಗಿ ಮಾತಾಡಿದ. ಪೂರ್ಣಿಮಾಳಿಗೆ ಹೆದರಿಕೆ ಹುಟ್ಟಿದ್ದೇ ಆಗ.

"ಏಳ. ಬೀಳಗಿ ತ್ವಾಟಕ್ಕ ಹೋಗೂಣು. ಹಿನ್ನೀರ ನೋಡೀಯಂತ."

"ಅರಿಬಿ ಎಷ್ಟ ತಗೊಳ್ಲಿರಿ?"

"ಅರಿಬಿ ಯಾಕ? ಬ್ಯಾಡ."

ತೋಟದ ಬದುವಿಗೆ ಕೃಷ್ಣೆಯ ಹಿನ್ನೀರು ಹತ್ತಿ ನಿಂತಿರುತ್ತದೆಂದು ಅವಳಿಗೆ ಗೊತ್ತಿತ್ತು. ಅಲ್ಲಿ ಜಾರಿ ಬಿದ್ದವರನ್ನು ಮೀನು ಕೂಡ ಹುಡುಕುವುದಿಲ್ಲ. ಉಟ್ಟ ಸೀರೆಯಲ್ಲಿ ಹೋಗಿ ಉಟ್ಟ ಸೀರೆಯಲ್ಲೇ ಉಳಿಯುವ ಊರು ಅದು.

ಹೋಗುವುದು ಕಾರಿನಲ್ಲಿ. ಆ ಕಾರಿನ ಸುದ್ದಿ ಹೇಳಲೇಬೇಕು. ಪುಣೆಯಿಂದ ತಂದ ಹಳದಿ ವಿಲಾಯತಿ ಗಾಡಿ, ಎರಡೇ ಬಾಗಿಲು. ಮುಧೋಳದ ನಾಯಿಯ ಹಾಗೆ ಎದೆ ಆಳ, ಸೊಂಟ ಸಣ್ಣ. ಅದು ಒಮ್ಮೆ ಗುರ್ರೆಂದರೆ ಬನಹಟ್ಟಿಯ ಮಗ್ಗಗಳೆಲ್ಲ ನಾಚಿ ಸುಮ್ಮನಾಗುತ್ತಿದ್ದವು, ರಬಕವಿಯ ಎಮ್ಮೆಗಳು ಗಾಬರಿಬಿದ್ದು ಹಾಲಿನ ಬದಲು ಮೊಸರನ್ನೇ ಕೊಡುತ್ತಿದ್ದವು. ಮನೆಗೆ ಬಂದ ಬೀಗರಿಗೆಲ್ಲ ಪರಮಾನಂದ ಬಾನೆಟ್ ಎತ್ತಿ ತೋರಿಸುತ್ತಿದ್ದ. ಪೂರ್ಣಿಮಾ ಚಹಾದ ತಾಟು ಹಿಡಿದು ಹಿಂದೆ ನಿಂತಿರುತ್ತಿದ್ದಳು.

"ಇದರಾಗ ನೀರಿನ ಟಾಕಿ ಎರಡ ಅದಾವ್ರಿ. ಹಿಂದಿಂದು ಇಂಜಿನ್ನಿಂದು, ಮುಂದಿಂದು ಇಂಟರ್‌ಕೂಲರ್‌ದು. ಸೂಪರ್‌ಚಾರ್ಜರ್ ಅನ್ನೂದು ಗಾಳಿ ಒತ್ತಿ ಒತ್ತಿ ಇಂಜಿನ್ನಿಗೆ ತುರುಕತೈತಿ. ಒತ್ತಿದ ಗಾಳಿ ಕಾಯ್ತೈತಿ. ಅದನ್ನ ತಂಪ ಮಾಡಾಕ ಈ ಮುಂದಿನ ನೀರ. ಈ ನೀರಿನ್ಯಾಗ ಏರ್ ಅಂದ್ರ ಗಾಳಿ ಹಿಡೀತಂದ್ರ ಮುಗೀತು, ಹುಲಿಯಂಥಾ ಗಾಡಿ ಅಗಸರ ಕತ್ತಿ ಆಕ್ಕೈತಿ."

ಬೀಗರು ತಲೆ ಆಡಿಸಿ ಚಹಾ ಕುಡಿದು ಹೋದರು. ಮಾತು ತಾಟು ಹಿಡಿದವಳ ತಲೆಯಲ್ಲಿ ಉಳಿಯಿತು.

ಆ ಬೆಳಿಗ್ಗೆ ಗಾಡಿಯ ಮುಂದಿನ ಗಾಜಿನ ಕೆಳಗೆ ಒಂದು ದೀಪ ಹತ್ತಿತು. "ಮುಂದಿನ ಟಾಕಿಗೆ ನೀರ ಕಡಿಮಿ ಆಗೈತಿ, ಹಾಕ ಹೋಗ" ಎಂದು ಪರಮಾನಂದ ಸ್ನಾನಕ್ಕೆ ಹೋದ. ಪೂರ್ಣಿಮಾ ನೀರಿನ ಕೊಡದ ಕಡೆ ಹೋಗದೆ ಮಗ್ಗದ ಮನೆಗೆ ಹೋದಳು. ಅನಸವ್ವ ಹಳೆಯ ಹಟಕ್ಕೆ ಇನ್ನೂ ಕೈಮಗ್ಗ ಇಟ್ಟಿದ್ದಳು, ಅದರ ನೂಲಿಗೆ ಹಚ್ಚುವ ಗಂಜಿ ಗಡಿಗೆಯಲ್ಲಿ ಹುಳಿಬಂದು ಕೂತಿತ್ತು. ನೂಲನ್ನು ಸೆಟೆಯುವಂತೆ ಮಾಡುವ ಗಂಜಿ ಗಾಡಿಯನ್ನು ಸೆಟೆಸದೇ ಬಿಟ್ಟೀತೆ? ಅವಳು ಅದಕ್ಕೆ ನೀರು ಬೆರೆಸಿ, ಸೆರಗಿನಲ್ಲಿ ಸೋಸಿ, ಮುಂದಿನ ಟಾಕಿಗೆ ಹೊಯ್ದಳು. ಮುಚ್ಚಳವನ್ನು ಅರ್ಧವೇ ತಿರುಗಿಸಿ ಬಿಟ್ಟಳು, ಗಾಳಿಯೂ ಹೋಗಲೆಂದು.

ಲೆಕ್ಕ ಇಷ್ಟೇ. ಬನಹಟ್ಟಿಯಿಂದ ಬೀಳಗಿಗೆ ಹೋಗುವವರು ಜಮಖಂಡಿ ದಾಟಬೇಕು. ಜಮಖಂಡಿ ದಾಟಿದ ಕೂಡಲೇ ಬೀಳಗಿ ರಸ್ತೆಯಲ್ಲಿ ಅವಳ ತಮ್ಮ ಬಾಳೇಶನ ಗ್ಯಾರೇಜು. ಟ್ರ್ಯಾಕ್ಟರ್, ಪಂಪ್‌ಸೆಟ್ಟು, ಏನು ಕೆಟ್ಟರೂ ಅವನೇ. ಮದುವೆಯಾದ ಮೇಲೆ ಅವಳನ್ನು ತವರಿನ ಹೊಸ್ತಿಲು ತುಳಿಯಲು ಪರಮಾನಂದ ಬಿಟ್ಟಿರಲಿಲ್ಲ. ಗಾಡಿಯೇ ಕೆಟ್ಟು ನಿಂತರೆ ಯಾರು ತಡೆಯುತ್ತಾರೆ?

ಗಾಡಿ ಜಮಖಂಡಿಯ ಊರೊಳಗೆ ಹುಲಿಯಾಗಿಯೇ ಹೋಯಿತು. ಬೀಳಗಿ ರಸ್ತೆಗೆ ತಿರುಗಿದಾಗ ಕೆಮ್ಮಿತು. ಆಮೇಲೆ ಅದರ ದಮ್ಮು ಹೋಯಿತು. ಪರಮಾನಂದ ಕಾಲು ಒತ್ತಿದಷ್ಟೂ ಅದು ಕುಂಟಿತು. ಕಬ್ಬು ಹೇರಿದ ಟ್ರ್ಯಾಕ್ಟರ್ ಒಂದು ಹಾರ್ನ್ ಹೊಡೆದು ಪಕ್ಕದಿಂದ ದಾಟಿಹೋಯಿತು. ಕಬ್ಬಿನ ಗಾಡಿ ತನ್ನನ್ನು ದಾಟಿತಲ್ಲ ಎಂಬ ಅವಮಾನಕ್ಕೆ ಪರಮಾನಂದ ಹೆಂಡತಿಯ ತಲೆಯನ್ನು ಪಕ್ಕದ ಗಾಜಿಗೆ ಬಡಿದ. ಅವಳು ತಲೆ ನೇರ ಮಾಡಿಕೊಂಡಳು. ಎದುರಿಗೆ ತಮ್ಮನ ಬೋರ್ಡು ಕಾಣುತ್ತಿತ್ತು.

ಗ್ಯಾರೇಜು ರಸ್ತೆಗಿಂತ ತಗ್ಗಿನಲ್ಲಿತ್ತು. ಬಾಳೇಶ ಗಾಡಿಯನ್ನು ತಗ್ಗಿಗೆ ಇಳಿಸಿ, ತಿರುಗಿಸಿ, ಮೂತಿಯನ್ನು ರಸ್ತೆಯ ಏರಿನ ಕಡೆ ಮಾಡಿ ನಿಲ್ಲಿಸಿದ. ಹಿಂದೆ ಗ್ಯಾರೇಜಿನ ಗೋಡೆ.

"ಮೂತಿ ಮ್ಯಾಲೆ ಇರಬೇಕ್ರಿ ಮಾವಾರ. ಏರ್ ಯಾವಾಗ್ಲೂ ಎತ್ತರಕ್ಕ ಓಡತೈತಿ, ಅಲ್ಲೇ ಸಿಗತೈತಿ. ಅಕ್ಕಾ, ಆರಾಮ?"

"ಆಕಿ ಆರಾಮದಾಳ. ನೀ ಗಾಡಿ ನೋಡ." ಪರಮಾನಂದ ಅವಳ ಬಾಗಿಲಿಗೆ ಬೆನ್ನು ಹಚ್ಚಿ ನಿಂತ.

ಬಾನೆಟ್ ಎತ್ತಿದ ಮೇಲೆ ಪೂರ್ಣಿಮಾಳಿಗೆ ಕಾಣುತ್ತಿದ್ದುದು ಕೆಳಗಿನ ಸಂದಿನಲ್ಲಿ ತಮ್ಮನ ಎರಡು ಕೈ ಮಾತ್ರ. ಆ ಕೈಗಳು ಸೂಪರ್‌ಚಾರ್ಜರಿನ ನೆತ್ತಿಯ ಮೇಲಿದ್ದ ಸಣ್ಣ ತಿರುಪನ್ನು ಹುಡುಕಿ ಸಡಿಲಿಸಿದವು. ಬುಸ್ಸೆಂದು ಗಾಳಿ ಬಂತು, ಹಿಂದೆಯೇ ಬಿಳಿ ನೊರೆ. ಕೈ ನಿಂತಿತು. ಎರಡು ಬೆರಳು ನೊರೆಯನ್ನು ಉಜ್ಜಿ ನೋಡಿದವು, ಅಂಟಿಕೊಂಡವು. ನೇಕಾರರ ಮನೆಯಲ್ಲಿ ಹುಟ್ಟಿ, ಆಮೇಲೆ ಬೋಲ್ಟು ತಿರುಗಿಸುವ ಪಾನಾ ಹಿಡಿದ ಕೈ ಅದು, ಗಂಜಿಯನ್ನು ಗುರುತಿಸಿತು. ಬಾಳೇಶ ಬಗ್ಗಿ ಸಂದಿನಿಂದ ಒಳಗೆ ನೋಡಿದ. ಅಕ್ಕನ ಸೀಳಿದ ತುಟಿ, ಮುರಿದ ಬೆರಳು ಎರಡನ್ನೂ ನೋಡಿದ.

"ಎಲ್ಲಿಗಿ ಹೊಂಟಿದ್ರಿ ಮಾವಾರ?"

"ಬೀಳಗಿ ತ್ವಾಟಕ್ಕ."

"ಇರಾಕೇನು? ಅಕ್ಕನ ಅರಿಬಿ ಗಂಟ ಕಾಣವಲ್ದು."

"ಆಕಿಗೆ ಅರಿಬಿ ಯಾಕಲೇ?"

ಬಾಳೇಶ ಲೆಕ್ಕ ತಿಳಿದು ಕೆಲಸಕ್ಕೆ ಬಗ್ಗಿದ. ಗಂಜಿಯನ್ನೆಲ್ಲ ಅಗಲವಾದ ತಗಡಿನ ಬುಟ್ಟಿಗೆ ಇಳಿಸಿ, ಸ್ವಚ್ಛ ನೀರು ಹೊಯ್ದು ತೊಳೆದ. ಆ ಬಿಳಿ ನೀರು ಪರಮಾನಂದನ ಪ್ಯಾಂಟಿಗೂ ಸಿಡಿಯಿತು. "ಹಳೀ ಕೂಲಂಟ್ ರೀ, ಹಾಲಿನಂಗ ಒಡದೈತಿ" ಎಂದ. ಹೊಸ ನೀರು ತುಂಬಿ, ತಿರುಪಿಗೆ ಪಾರದರ್ಶಕ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೀರಿನ ಬಾಟಲಿಯಲ್ಲಿ ಮುಳುಗಿಸಿದ.

"ಕೀ ಆನ್ ಇಟ್ಟ ಬಿಡ್ರಿ. ಇಂಜಿನ್ ಚಾಲೂ ಬ್ಯಾಡ, ಒಳಗಿನ ಸಣ್ಣ ಪಂಪ ಅಷ್ಟ ತಿರಗಲಿ. ಬಾಟ್ಲಿಯೊಳಗ ಗುಳ್ಳಿ ನಿಂತ್ವು ಅಂದ್ರ ಏರ್ ಹೋದಂಗ. ಗುಳ್ಳಿ ನಿಲ್ಲೂತನಕ ಗಾಡಿ ಅಳ್ಳಾಡಸಬಾರದು."

ಪೂರ್ಣಿಮಾ ಸಂದಿನಿಂದ ಬಾಟಲಿಯನ್ನೇ ನೋಡಿದಳು. ಗುಳು ಗುಳು ಎಂದು ಗುಳ್ಳೆ ಏಳುತ್ತಿದ್ದವು. ಅವು ಏಳುತ್ತಿರುವವರೆಗೆ ತಾನು ಜಮಖಂಡಿಯಲ್ಲಿ, ನಿಂತರೆ ಬೀಳಗಿಯ ನೀರಿನಲ್ಲಿ. ಜಗತ್ತಿನ ಗಾಳಿಯೆಲ್ಲ ಆ ಪೈಪಿಗೆ ನುಗ್ಗಲಿ ಎಂದು ಬೇಡಿಕೊಂಡಳು. ಗುಳ್ಳೆ ಸಣ್ಣಗಾದಾಗ ತಮ್ಮನ ಹೆಬ್ಬೆರಳು ಪೈಪಿನ ಬುಡವನ್ನು ತುಸು ಸಡಿಲಿಸುವುದನ್ನು ಕಂಡಳು. ಹೊರಗಿನ ಗಾಳಿ ನುಗ್ಗಿ ಗುಳ್ಳೆ ಮತ್ತೆ ದಪ್ಪವಾದವು.

"ಇನ್ನೂ ಎಷ್ಟಲೇ ಬಾಳ್ಯಾ? ಪಂಪ್‌ಸೆಟ್ಟಿನ ಏರ್ ತಗಿಯಾಂವಗ ಇದೇನ ದೊಡ್ಡ ಕೆಲಸ?"

"ಪಂಪ್‌ಸೆಟ್ಟಿಗಿ ಸೊಕ್ಕಿರೂದಿಲ್ರಿ ಮಾವಾರ. ಅದಕ್ಕ ಅದರ ಏರ್ ಲಗೂ ಹೋಗತೈತಿ."

ಎದುರಿನ ಚಹಾದಂಗಡಿಯಲ್ಲಿ ಕುಳಿತ ಮಂದಿ ನಕ್ಕರು. ಮತ್ತೆ ನಗು. ಪರಮಾನಂದ ಒಳಗೆ ನುಗ್ಗಿ ಕೂತು ಇಂಜಿನ್ ಚಾಲೂ ಮಾಡಿ, "ಹೋಗೂದಿಲ್ಲೇನ, ಹೋಗೂದಿಲ್ಲೇನ" ಎಂದು ಗಾಡಿಯನ್ನು ಒದರಿಸಿದ. ಮಧ್ಯಾಹ್ನದ ಬಿಸಿಲು, ಕೆಂಡದಂಥ ಇಂಜಿನ್ನು. ಬಾಳೇಶ ಕೈಮುಗಿದು ಆಫ್ ಮಾಡಿಸಿದ. ಪರಮಾನಂದ ಇಳಿದ, ಕೀ ಒಳಗೇ ಉಳಿಯಿತು.

ಬೆವರು ಒರೆಸಲು ಬಗ್ಗಿದ ಪರಮಾನಂದನಿಗೆ ತನ್ನ ಪ್ಯಾಂಟಿನ ಅಂಚು ಕಂಡಿತು. ಸಿಡಿದ ನೀರು ಬಿಸಿಲಿಗೆ ಒಣಗಿ ಬಟ್ಟೆ ಹಪ್ಪಳದಂತೆ ಸೆಟೆದು ನಿಂತಿತ್ತು. ಮೈಸೂರಿನವನಾಗಿದ್ದರೆ ಧೂಳೆಂದು ಝಾಡಿಸಿಬಿಡುತ್ತಿದ್ದ. ಇವನು ಬನಹಟ್ಟಿಯವನು. ಉಗುರಿನಿಂದ ಟಕ್ಕೆಂದು ಬಾರಿಸಿದ, ಮೂಗಿಗೆ ಹಿಡಿದ. ತೊಟ್ಟಿಲಿನಿಂದ ಮೂಸಿದ ಹುಳಿ ಅದು, ಅವನ ತಾಯಿಯ ಗಡಿಗೆಯದು. ಅವನು ಬುಟ್ಟಿಯನ್ನು ನೋಡಿದ, ಹೆಂಡತಿಯನ್ನು ನೋಡಿದ, ಪೈಪಿನ ಬುಡದಲ್ಲಿದ್ದ ಬಾಳೇಶನ ಹೆಬ್ಬೆರಳನ್ನು ನೋಡಿದ.

"ಅಕ್ಕ ಗಂಜಿ ಹಾಕತಾಳ, ತಮ್ಮ ಗುಳ್ಳಿ ಬಿಡತಾನ! ಛಲೋ ಜೋಡಿ!"

ಅನ್ನುತ್ತಲೇ ಬಾನೆಟ್ಟನ್ನು ಎರಡೂ ಕೈಯಿಂದ ಕೆಳಗೆ ಬಡಿದ. ಒಳಗೆ ಬಾಳೇಶನ ಬಲಗೈ ಇತ್ತು. ಕಬ್ಬು ಮುರಿದ ಸಪ್ಪಳ ಬಂತು. ಆ ಸಪ್ಪಳ ಮುಧೋಳದ ಸಕ್ಕರೆ ಕಾರಖಾನೆಗೂ ಕೇಳಿಸಿರಬೇಕು. ಬಾಳೇಶನ ಕಣ್ಣು ಬೆಳ್ಳಗಾದವು. ಪರಮಾನಂದ ಅವನ ಕೊರಳಪಟ್ಟಿ ಹಿಡಿದು ಎಳೆದು, ಮುಖವನ್ನು ಹಳದಿ ತಗಡಿನ ಮೇಲೆ ಒಮ್ಮೆ, ಇನ್ನೊಮ್ಮೆ ಅಪ್ಪಳಿಸಿದ. ಹಳದಿಯ ಮೇಲೆ ಕೆಂಪು ಇಳಿಯಿತು. ಚಹಾದಂಗಡಿಯ ಮಂದಿ ಎದ್ದು ನಿಂತರು. ಅಷ್ಟೇ, ನಿಂತರು.

ಪೂರ್ಣಿಮಾ ಬಾಗಿಲು ಒದ್ದು ಇಳಿದಳು. "ಬಿಡ್ರಿ ಅವನ್ನ!"

"ನಿನ್ನ ಸರದಿ ಬರತೈತಿ, ನಿಂದ್ರ" ಎಂದು ಪರಮಾನಂದ ಬಾನೆಟ್ಟನ್ನು ಮತ್ತೆ ಎತ್ತಿದ, ಈ ಸಲ ತಲೆಯ ಮೇಲೆ ಬಡಿಯಲು. ಬಾಳೇಶನ ಕತ್ತನ್ನು ಒಳಗೆ ತಳ್ಳಲು ತಾನೂ ಬಗ್ಗಿದ. ಬಗ್ಗಿದವನ ಗಲ್ಲದ ಕೆಳಗೇ ಹಿಂದಿನ ಟಾಕಿ, ಇಂಜಿನ್ನಿನದು. ಪೂರ್ಣಿಮಾ ತಮ್ಮನ ಅಂಗಿ ಹಿಡಿದು ಹಿಂದಕ್ಕೆಳೆದಳು, ಇನ್ನೊಂದು ಕೈಯಿಂದ ಸೆರಗು ಸುತ್ತಿ ಆ ಟಾಕಿಯ ಮುಚ್ಚಳವನ್ನು ತಿರುಗಿಸಿದಳು.

ಕುದಿಯುವ ನೀರು ಆಳೆತ್ತರ ಹಾರಿತು. ಅವಳ ಅಂಗೈ ಬೆಂದಿತು. ಪರಮಾನಂದನ ಅರ್ಧ ಮುಖ ಸುಲಿದ ಬದನೆಕಾಯಿಯಂತಾಯಿತು. ಅವನು ಕೂಗಿದ ಕೂಗಿಗೆ ರಸ್ತೆಯ ನಾಯಿಗಳೆಲ್ಲ ಬಾಲ ಮಡಚಿದವು.

ಅವಳು ತಮ್ಮನನ್ನು ಪಕ್ಕದ ಸೀಟಿಗೆ ಉರುಳಿಸಿ, ತಿರುಪು ಬಿಗಿದು, ಬಾನೆಟ್ ಬಡಿದು, ತಾನು ಸ್ಟೇರಿಂಗಿನ ಮುಂದೆ ಕುಳಿತಳು. ಮದುವೆಗೆ ಮೊದಲು ಕಬ್ಬಿನ ಟ್ರ್ಯಾಕ್ಟರ್ ಓಡಿಸಿದವಳು, ಇದಕ್ಕೇನು ಕೊಂಬೇ? ಕೀ ತಿರುವಿದಳು. ಗಾಡಿ ಗುರ್ರೆಂದಿತು. ಕೆಮ್ಮಿಲ್ಲ, ಕುಂಟಿಲ್ಲ. ಬಾಳೇಶ ಕಳ್ಳ ಗುಳ್ಳೆ ಬಿಡುವ ಮೊದಲೇ ಖರೆ ಗುಳ್ಳೆಯನ್ನೆಲ್ಲ ತೆಗೆದಿದ್ದ.

"ಅಕ್ಕಾ," ಅವನು ರಕ್ತ ಉಗುಳುತ್ತ ಹೇಳಿದ, "ಇಂಜಿನ್ ನೀರ ಚೆಲ್ಲಿ ಹೋಗೈತಿ. ಪೊಲೀಸ್ ಸ್ಟೇಶನ್‌ಮಟಾ ಓಡತೈತಿ. ನಡಬರಕ ನಿಲ್ಲಿಸಿದಿ ಅಂದ್ರ ಮತ್ತ ಚಾಲೂ ಆಗೂದಿಲ್ಲ."

ಅವಳು ತಲೆ ಎತ್ತಿದಳು. ಏರಿನ ತುದಿಯಲ್ಲಿ, ರಸ್ತೆಗೆ ಹೋಗುವ ಒಂದೇ ದಾರಿಯ ನಡುವೆ, ಪರಮಾನಂದ ನಿಂತಿದ್ದ. ಬೆಂದ ಮುಖ, ಕೈಯಲ್ಲಿ ಟ್ರ್ಯಾಕ್ಟರಿನ ಕಬ್ಬಿಣದ ರಾಡು. ಎಡಕ್ಕೆ ಆಳವಾದ ಗಟಾರ. ಬಲಕ್ಕೆ ಚಹಾದಂಗಡಿಯ ಮಂದಿ, ಕೈಯಲ್ಲಿ ಕಪ್ಪು ಹಿಡಿದುಕೊಂಡೇ. ಹಿಂದೆ ಗೋಡೆ.

"ಬಾ ಬೋಸಡಿ!" ಅವನು ರಾಡು ಬೀಸಿ ಎಸೆದ. ಮುಂದಿನ ಗಾಜು ಜೇಡನ ಬಲೆಯಾಯಿತು. ಬಲೆಯ ನಡುವೆ ಅವನು ಒಬ್ಬನೇ ಹತ್ತು ಮಂದಿಯಾಗಿ ಕಂಡ. ಹತ್ತೂ ಮಂದಿ ಅವಳ ಕಡೆ ಇಳಿಯತೊಡಗಿದರು.

ಪೂರ್ಣಿಮಾ ಗಾಜು ಇಳಿಸಿ ಕತ್ತು ಹೊರಗೆ ಹಾಕಿದಳು. ಮದುವೆಯಾದಾಗಿನಿಂದ ಅವನಿಗೆ ಬಹುವಚನವನ್ನೇ ಹಚ್ಚಿದವಳು, ಈಗಲೂ ಬಿಡಲಿಲ್ಲ.

"ದಾರಿ ಬಿಟ್ಟ ಸರೀರಿ," ಎಂದಳು.

ಅವನು ಸರಿಯಲಿಲ್ಲ. ಗಾಡಿ ಅವಳ ಪಾದದ ಕೆಳಗೆ ನಡುಗುತ್ತಿತ್ತು, ಕಾಲು ಒತ್ತುವುದೊಂದೇ ಬಾಕಿ. ಬಾಳೇಶ ಕಣ್ಣು ಮುಚ್ಚಿಕೊಂಡ. ಅವಳು ಮುಚ್ಚಲಿಲ್ಲ.

ಏನ್ರವ್ವಾ, ಬಾಯಿ ತೆರೆದು ನನ್ನನ್ನೇ ಯಾಕೆ ನೋಡುತ್ತೀರಿ? ಇಷ್ಟು ಹೊತ್ತು ನನ್ನ ಗಂಟಲು ಒಣಗಿತು, ಈಗ ನಿಮ್ಮದು ಒಣಗಲಿ. ಹಿಂದೆ ಗೋಡೆ, ಎಡಕ್ಕೆ ಗಟಾರ, ಬಲಕ್ಕೆ ಮಂದಿ, ಮುಂದೆ ಗಂಡ. ನಿಂತರೆ ಗಾಡಿ ಮತ್ತೆ ಹೊರಡುವುದಿಲ್ಲ. ಅವಳು ಯಾವ ಕಡೆ ಹೋದಳು, ಹೇಳಿ ನೋಡೋಣ?