ಗಾಡಿ ಬಿಡಬೇಡ

ನನ್ನ ತಮ್ಮ ವಾರಪತ್ರಿಕೆಗೆ ದೆವ್ವದ ಕತೆ ಬರೆಯುತ್ತಾನೆ, ನಾನು ಹಳೇ ಕಾರು ರಿಪೇರಿ ಮಾಡುತ್ತೇನೆ. ಇಬ್ಬರದೂ ಸತ್ತದ್ದನ್ನು ಎಬ್ಬಿಸುವ ಕಸುಬೇ ಎಂದು ಅವನು ನಗುತ್ತಾನೆ. ನನಗೆ ನಗು ಬರುವುದಿಲ್ಲ. ಅವನ ಕತೆಯ ಕಾರುಗಳು ಪೆಟ್ರೋಲಿಲ್ಲದೆ ಓಡುತ್ತವೆ, ಪಂಕ್ಚರ್ ಆಗುವುದಿಲ್ಲ, ಮೂವತ್ತು ವರ್ಷ ಗೋದಾಮಿನಲ್ಲಿ ಕೊಳೆತರೂ ಮೊದಲ ಸಲಕ್ಕೇ ಸ್ಟಾರ್ಟ್ ಆಗಿ ಯಜಮಾನನನ್ನು ಅಟ್ಟಿಸಿಕೊಂಡು ಹೋಗುತ್ತವೆ. ನನ್ನ ಶೆಡ್ಡಿಗೆ ಬರುವವು ತಳ್ಳಿದರೂ ಅಲುಗದ ಸೋಮಾರಿಗಳು.

ಈ ಸಲ ಪತ್ರಿಕೆಯವರು ಅವನಿಂದ ಬೇರೆಯೇ ಲೇಖನ ಕೇಳಿದ್ದರು: ಭಯದ ಕತೆಗಳಲ್ಲಿ ಮತ್ತು ನಿಜಜೀವನದಲ್ಲಿ ಅವನ ಮೆಚ್ಚಿನ ಹಳೇ ಕಾರುಗಳು. ಕತೆಯ ಪಾಲಿಗೆ ಸರಕು ಬೇಕಾದಷ್ಟಿತ್ತು. ಕಿಟಕಿಗೆ ಪರದೆ ಕಟ್ಟಿದ ಉದ್ದನೆಯ ಕರಿ ಕಾರು, ಚಾಲಕನಿಲ್ಲದ ಶವದ ವ್ಯಾನು, ಹಿಂದಕ್ಕೆ ಮಾತ್ರ ಓಡುವ ಟ್ಯಾಕ್ಸಿ. ನಿಜಜೀವನದ ಪಾಲಿಗೆ ಅವನಿಗೆ ಹೊಳೆದದ್ದು ನಮ್ಮ ಅಪ್ಪನ ಕಾರು. ಅದನ್ನು ರಸ್ತೆಗೆ ಇಳಿಸು, ಫೋಟೋ ಬೇಕು ಎಂದು ನನ್ನ ತಲೆ ತಿಂದ.

ಬೂದು ಬಣ್ಣದ, ದುಂಡು ಬೆನ್ನಿನ ಆ ಗಾಡಿ ಶೆಡ್ಡಿನ ಹಿಂದುಗಡೆ ಇಪ್ಪತ್ತೆರಡು ವರ್ಷದಿಂದ ಟಾರ್ಪಾಲಿನ ಅಡಿ ಕೂತಿತ್ತು. ಅದಕ್ಕೆ ಕಾರಣ ಒಂದು ಚೀಟಿ. ನಮ್ಮಲ್ಲಿ ಗಾಡಿ ಒಳಗೆ ಬಂದ ಕೂಡಲೇ ಏನು ಕೆಲಸವೆಂದು ಚೀಟಿ ಬರೆದು ಸ್ಟಿಯರಿಂಗಿಗೆ ಕಟ್ಟುವುದು ಪದ್ಧತಿ. ಅಪ್ಪ ಎದೆ ಹಿಡಿದುಕೊಂಡು ಕುಸಿದ ದಿನ ಅವನ ಸ್ವಂತ ಕಾರಿನಲ್ಲೂ ಒಂದು ಚೀಟಿ ಇತ್ತು: ‘ಈ ಗಾಡಿ ಬಿಡಬೇಡ.’ ಅಮ್ಮ ಅದನ್ನೇ ಅವನ ಕೊನೇ ಮಾತೆಂದು ತಿಳಿದು ಗಾಡಿಯನ್ನು ಕೈಬಿಡಲೇ ಇಲ್ಲ. ಕೊಳ್ಳಲು ಬಂದವರನ್ನೆಲ್ಲ ಬಾಗಿಲಿನಿಂದಲೇ ಅಟ್ಟಿದಳು. ಅವಳು ಹೋದ ಮೇಲೆ ಆ ಕೆಲಸ ನನಗೆ ಬಂತು. ಚೀಟಿಗೆ ಕಟ್ಟು ಹಾಕಿಸಿ ನನ್ನ ಮೇಜಿನ ಮೇಲಿನ ಗೋಡೆಗೆ ತೂಗುಹಾಕಿದ್ದೆ.

ಟಾರ್ಪಾಲು ತೆಗೆದು ನೋಡಿದರೆ ಬ್ಯಾಟರಿ ಇರಲಿಲ್ಲ. ಹಿಂದಿನದನ್ನು ತೋರಿಸುವ ಒಳಗಿನ ಕನ್ನಡಿಯನ್ನು ಅಪ್ಪ ಬಿಚ್ಚಿ, ಬಟ್ಟೆ ಸುತ್ತಿ ಡಿಕ್ಕಿಯಲ್ಲಿ ಇಟ್ಟಿದ್ದ. ಹಿಂದಿನ ಎಡಬಾಗಿಲ ಒಳಹಿಡಿಯ ಸ್ಕ್ರೂಗಳನ್ನೂ ತೆಗೆದಿದ್ದ. ಪಾಪ, ಅರ್ಧಕ್ಕೆ ನಿಂತ ಕೆಲಸ ಎಂದುಕೊಂಡೆ. ಎರಡು ತಿಂಗಳು ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಕೂತು ಎಲ್ಲವನ್ನೂ ಮುಗಿಸಿದೆ. ಹಿಡಿ ಹಾಕಿದೆ, ಕನ್ನಡಿ ಹಾಕಿದೆ, ಹಿಂದಿನ ಸೀಟಿಗೆ ಹೊಸ ಸ್ಪ್ರಿಂಗ್ ಕೂರಿಸಿದೆ. ಅಪ್ಪ ಇದ್ದಿದ್ದರೆ ಬೆನ್ನು ತಟ್ಟುತ್ತಿದ್ದ ಎಂದು ಒಳಗೊಳಗೇ ಬೀಗಿದೆ.

ಆದರೆ ಕನ್ನಡಿ ನಿಲ್ಲಲಿಲ್ಲ. ರಸ್ತೆ ಕಾಣುವಂತೆ ತಿರುಗಿಸಿಟ್ಟು ಚಹಾ ಕುಡಿದು ಬಂದರೆ ಅದು ಬಾಗಿ ಹಿಂದಿನ ಎಡಸೀಟನ್ನು ನೋಡುತ್ತಿತ್ತು. ತಿರುಪು ಬಿಗಿದೆ, ಮತ್ತೆ ಬಾಗಿತು. ಹೊಸ ಸ್ಪ್ರಿಂಗಿನ ಸೀಟು ಬೆಳಿಗ್ಗೆ ಉಬ್ಬಿರುತ್ತಿತ್ತು. ಎಂಜಿನ್ ಶುರುವಾದರೆ ಎಡಗಡೆ ಮಾತ್ರ ಮೆಲ್ಲಗೆ ತಗ್ಗುತ್ತಿತ್ತು. ರಸ್ತೆಗೆ ಒಯ್ದು ಊರಿನ ನೀರಿನ ಟ್ಯಾಂಕಿನ ತಿರುವಿಗೆ ಬಂದಾಗಲೆಲ್ಲ ಸ್ಟಿಯರಿಂಗ್ ನನ್ನ ಕೈಯನ್ನೇ ಎಡಕ್ಕೆ ಎಳೆಯುತ್ತಿತ್ತು. ಚಕ್ರ ನೋಡಿದೆ, ಬುಷ್ ನೋಡಿದೆ, ಯಾವುದರಲ್ಲೂ ದೋಷವಿಲ್ಲ. ದೋಷವಿದ್ದರೆ ನನಗೆ ಹೆದರಿಕೆಯಿಲ್ಲ, ಅದನ್ನು ಸರಿಮಾಡುವುದೇ ನನ್ನ ಅನ್ನ. ಏನೂ ಇಲ್ಲದ್ದು ಹೆದರಿಸಿತು. ತಮ್ಮನಿಗೆ ಹೇಳಲಿಲ್ಲ. ಹೇಳಿದ್ದರೆ ಮುಂದಿನ ವಾರ ಅದೇ ಕತೆಯಾಗಿ ಅಚ್ಚಾಗುತ್ತಿತ್ತು.

ಇವತ್ತು ಹತ್ತು ಗಂಟೆಗೆ ಅವನು ಏಳು ವರ್ಷದ ಮಗಳನ್ನು ಹಿಂದೆ ಕೂರಿಸಿಕೊಂಡು ಫೋಟೋ ತೆಗೆಸಲು ಹೊರಟ. ಅದಾಗಿ ಅರ್ಧ ಗಂಟೆಗೆ ತಗಡು ಮಾವ ಬಂದರು. ಅಪ್ಪನ ಜೊತೆ ಡೆಂಟು ಎತ್ತುತ್ತಿದ್ದವರು. ಅಪ್ಪ ತೀರಿಕೊಂಡ ವಾರವೇ ಬೇರೆ ಊರಿಗೆ ಹೋಗಿ, ಈಗ ಕಿವಿ ಮಂದವಾಗಿ ಮಗಳ ಮನೆಗೆ ಹಿಂತಿರುಗಿದ್ದರು. ಕಟ್ಟು ಹಾಕಿದ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಗಾಡಿ ಎಲ್ಲಿ ಎಂದರು. ತಮ್ಮ ಓಡಿಸಿಕೊಂಡು ಹೋದ ಎಂದೆ. ಅವರ ಮುಖದ ಬಣ್ಣವೇ ಇಳಿಯಿತು.

“ಬಿಡಬೇಡ ಅಂತ ಬರೆದಿಟ್ಟಿದ್ದಾನಲ್ಲಮ್ಮ, ಆದ್ರೂ ಬಿಟ್ರಾ?”

ನಾವು ಎಲ್ಲಿ ಬಿಟ್ಟೆವು, ಇಟ್ಟುಕೊಂಡೇ ಇದ್ದೇವಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ನಿಂತೆ. ಅದೇ ಶೆಡ್ಡಿನಲ್ಲಿ ‘ಬಿಟ್ಟು ನೋಡು’, ‘ಬಿಟ್ಟು ನೋಡಿದೆ, ಸರಿ ಇದೆ’ ಎಂದು ದಿನಕ್ಕೆ ಹತ್ತು ಚೀಟಿ ನಾನೇ ಬರೆಯುತ್ತೇನೆ. ಚೀಟಿಯ ಮೇಲೆ ಬಿಡುವುದೆಂದರೆ ಓಡಿಸುವುದು, ಬೇರೆ ಅರ್ಥವೇ ಇಲ್ಲ. ಅಪ್ಪ ಮೆಕ್ಯಾನಿಕ್‌ಗೆ ಬರೆದಿದ್ದನ್ನು ನಾನು ಮಗಳಾಗಿ ಓದಿದ್ದೆ.

ಮಾವ ಕೂತು ಹೇಳಿದರು. ಅಪ್ಪ ಒಂದು ದಿನ ರಸ್ತೆಯಲ್ಲಿ ಪೆಟ್ಟಾಗಿ ಬಿದ್ದಿದ್ದವನೊಬ್ಬನನ್ನು ಹಿಂದಿನ ಸೀಟಿಗೆ ಹಾಕಿಕೊಂಡು ಆಸ್ಪತ್ರೆಗೆ ಹೊರಟಿದ್ದನಂತೆ. ದಾರಿಯಲ್ಲಿ ಆ ಮನುಷ್ಯ “ಬಿಡಿ, ಬಿಡಿ” ಎಂದು ನರಳಿದ. ನೋವಿಗೆ ‘ನನ್ನನ್ನು ಬಿಟ್ಟುಬಿಡಿ’ ಎನ್ನುತ್ತಿದ್ದಾನೆಂದು ತಿಳಿದು ಅಪ್ಪ ನೀರಿನ ಟ್ಯಾಂಕಿನ ಹತ್ತಿರ ಗಾಡಿ ನಿಲ್ಲಿಸಿ ನೀರು ತರಲು ಇಳಿದ. ಆಸ್ಪತ್ರೆ ಅಲ್ಲಿಂದ ಎಡಕ್ಕೆ ಮೂರೇ ನಿಮಿಷದ ದಾರಿ. ಹಿಂತಿರುಗುವಷ್ಟರಲ್ಲಿ ಜೀವ ಹೋಗಿತ್ತು. ಗಾಡಿ ಬೇಗ ಬಿಡಿ ಎನ್ನುತ್ತಿದ್ದ ಎಂದು ಅಪ್ಪನಿಗೆ ತಿಳಿದದ್ದು ಆಮೇಲೆ. ಅವತ್ತಿನಿಂದ ಆ ಗಾಡಿಯಲ್ಲಿ ಕೂತಾಗಲೆಲ್ಲ ಹಿಂದಿನಿಂದ ಅದೇ ಮಾತು ಕೇಳುತ್ತಿತ್ತಂತೆ. ಬ್ಯಾಟರಿ, ಕನ್ನಡಿ, ಹಿಡಿ ಎಲ್ಲ ಬಿಚ್ಚಿ ಚೀಟಿ ಕಟ್ಟಿದ್ದು ಅದಕ್ಕೇ.

ತಮ್ಮನಿಗೆ ಫೋನು ಮಾಡಿದೆ. ಫೋಟೋ ಚೆನ್ನಾಗಿ ಬಂತು, ಮನೆಗೆ ಬರುತ್ತಿದ್ದೇವೆ, ಇವಳು ಹಿಂದೆ ಯಾರ ಜೊತೆಗೋ ಹರಟೆ ಹೊಡೆಯುತ್ತಿದ್ದಾಳೆ ಎಂದು ನಕ್ಕ. ಎಲ್ಲಿದ್ದೀಯ ಎಂದೆ. ನೀರಿನ ಟ್ಯಾಂಕಿನ ಹತ್ತಿರ ಎಂದ. ತಕ್ಷಣ ನಿಲ್ಲಿಸು, ಮಗುವನ್ನು ಇಳಿಸು ಎಂದು ಕೂಗಿದೆ.

ಬ್ರೇಕಿನ ಸದ್ದು ಕೇಳಿತು. ಆಮೇಲೆ ಹಿಡಿ ಎಳೆಯುವ ಸದ್ದು, ಮತ್ತೆ ಮತ್ತೆ. ನಾಲ್ಕು ಬಾಗಿಲಲ್ಲಿ ಒಂದೂ ತೆರೆಯುತ್ತಿಲ್ಲ ಎಂದ. ಅವನ ದನಿ ಬದಲಾಗಿತ್ತು. ಮಗು ಎದೆ ಹಿಡಿದುಕೊಂಡಿದ್ದಾಳೆ, ಉಸಿರು ಎಳೆಯಲು ಆಗುತ್ತಿಲ್ಲ, ತುಟಿ ನೀಲಿಯಾಗುತ್ತಿದೆ ಎಂದ. ಅವನ ಮಾತಿನ ಹಿಂದೆ ಇನ್ನೊಂದು ದನಿ ಇತ್ತು. ದೊಡ್ಡ ಗಂಡಸಿನದು, ಒಣಗಿದ್ದು.

“ಬಿಡಿ.”

“ಅಕ್ಕ, ಏನ್ ಮಾಡ್ಲಿ?”

ಬಿಡಬೇಡ ಎಂದು ಅಪ್ಪ ಬರೆದಿದ್ದ. ಅಪ್ಪನ ಮಾತು ಮೀರಿದವಳಲ್ಲ ನಾನು. ಆದರೆ ಅಪ್ಪ ಅವತ್ತು ಮಾಡಿದ ತಪ್ಪೂ ನಿಲ್ಲಿಸಿದ್ದೇ ಅಲ್ಲವೇ? ಈಗ ಅದೇ ಜಾಗದಲ್ಲಿ ನಾನೂ ನಿಲ್ಲಿಸಿದ್ದೆ. ತಪ್ಪಾದರೆ ಆ ಮಗು ನನ್ನ ಮಾತಿನಿಂದ ಸಾಯುತ್ತದೆ ಎಂದು ಗೊತ್ತಿತ್ತು.

“ಎಡಕ್ಕೆ ತಿರುಗಿಸು. ಅವರನ್ನ ಆಸ್ಪತ್ರೆಗೆ ಬಿಡು,” ಎಂದೆ.

ಯಾರನ್ನು ಎಂದು ಅವನು ಕೇಳಲಿಲ್ಲ. ಗೇರು ಬಿದ್ದ ಸದ್ದಾಯಿತು, ನಾನೇ ಬಿಚ್ಚಿ ಜೋಡಿಸಿದ ಎಂಜಿನ್ ಗುಡುಗಿತು. ಫೋನನ್ನು ಕಿವಿಗೆ ಒತ್ತಿಕೊಂಡು ಕೂತೆ. ಮೂರು ನಿಮಿಷದ ದಾರಿ. ಮೊದಲ ನಿಮಿಷದಲ್ಲಿ ಮಗು ಕೆಮ್ಮಿದಳು. ಎರಡನೆಯದರಲ್ಲಿ ಅಳತೊಡಗಿದಳು. ಅಳು ಇಷ್ಟು ಹಿತವಾಗಿ ಕೇಳಿಸುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಡಿ ನಿಂತಿತು. ಬಾಗಿಲು ತೆರೆಯಿತು, ಮುಚ್ಚಿತು. ಇನ್ನೊಂದೂ ತೆರೆಯಿತು, ಮುಚ್ಚಿತು.

ಬಾಗಿಲು ನಾನು ತೆರೆಯಲಿಲ್ಲ ಎಂದ ತಮ್ಮ. ಫೋನು ಮಗಳ ಕೈಗೆ ಹೋಯಿತು.

ಹೇಗಿದ್ದೀಯ ಕಂದಾ ಎಂದೆ. ನೀರು ಬೇಕು ಎಂದಳು. ಪಕ್ಕದಲ್ಲಿ ಕೂತಿದ್ದವರು ಎಲ್ಲಿ ಎಂದು ಕೇಳಿದೆ.

“ಹೋದ್ರು ಅತ್ತೆ. ಅವರಿಗೆ ನಡೆಯೋಕೆ ಆಗ್ತಿರ್ಲಿಲ್ಲ. ಮುಂದೆ ಅಪ್ಪನ ಪಕ್ಕ ಕೂತಿದ್ರಲ್ಲ, ಕೈಯೆಲ್ಲ ಗ್ರೀಸ್ ಮೆತ್ತಿಕೊಂಡಿದ್ದ ತಾತ, ಅವರೇ ಹಿಡ್ಕೊಂಡು ಒಳಗೆ ಕರ್ಕೊಂಡು ಹೋದ್ರು.”

ಹೊರಡುವಾಗ ಮುಂದಿನ ಸೀಟಿನಲ್ಲಿ ಯಾರೂ ಇರಲಿಲ್ಲ. ಎರಡು ತಿಂಗಳು ನಾನು ದಿನವೂ ಕೂತು ಕೆಲಸ ಮಾಡಿದ್ದು ಆ ಸೀಟಿನ ಪಕ್ಕದಲ್ಲೇ. ತಗಡು ಮಾವ ಏನಾಯಿತೆಂದು ಜೋರಾಗಿ ಕೇಳುತ್ತಿದ್ದರು. ನನಗೆ ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ವರ್ಷ ಅಲ್ಲೇ ಕೂತಿದ್ದೆಯಲ್ಲ ಅಪ್ಪ, ಪಕ್ಕದಲ್ಲೇ ಪಾನಾ ಹಿಡಿದುಕೊಂಡು ನಾನಿದ್ದೆನಲ್ಲ, ಒಂದು ಸಲ ನನ್ನನ್ನು ಕರೆಯಬಾರದಿತ್ತೇ?